ಖಗೋಳ ಯಂತ್ರಗಳ ಚಿತ್ರಜೋಡಣೆ

ಯುರೋಪಿನ ಪುನರುಜ್ಜೀವನ ಕಾಲದ ಖಗೋಳ ಯಂತ್ರಗಳ ಹಳೆಯ ಚಿತ್ರಗಳನ್ನು ರಟ್ಟಿಗೋ ತೆಳು ಹಲಗೆಗೋ ಅಂಟಿಸಿ, ನೂರಾರು ತುಂಡುಗಳಾಗಿ ಕತ್ತರಿಸಿ, ಮರಳಿ ಹೊಂದಿಸಿ ಆಡುವ ಆಟ. ಅಂಗಡಿಗಳಲ್ಲಿ ಇದು ಜಿಗ್‌ಸಾ ಪಜಲ್ ಎಂಬ ಹೆಸರಿನಲ್ಲೇ ಸಿಗುತ್ತದೆ. ಬಳೆಗಳನ್ನು ಗೋಲವಾಗಿ ಜೋಡಿಸಿದ ಹಿತ್ತಾಳೆ ಬಣ್ಣದ ವಲಯಗೋಲ, ನಕ್ಷತ್ರಗಳ ಹೆಸರು ಕೊರೆದ ಆಸ್ಟ್ರೊಲೇಬ್ ಎಂಬ ಆಕಾಶ ಅಳೆಯುವ ತಟ್ಟೆ, ಗೋಡೆಗೆ ಕಟ್ಟಿದ ದೊಡ್ಡ ಕಾಲುವೃತ್ತ, ರಾಶಿಚಕ್ರದ ಪಟ್ಟಿ, ಲ್ಯಾಟಿನ್ ಅಕ್ಷರಗಳ ಅಂಚು ಇವು ಇಂಥ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಜೋಡಿಸಿ ಮುಗಿದ ಮೇಲೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ರೂಢಿ ಇದೆ. ಆದರೆ ಇದು ಬರಿಯ ಅಲಂಕಾರದ ವಸ್ತುವಲ್ಲ. ಚಿತ್ರದಲ್ಲಿರುವ ಯಂತ್ರಗಳು ತಾವೇ ಬಿಡಿ ತಟ್ಟೆ, ಬಳೆ, ಪಟ್ಟಿಗಳಿಂದ ಜೋಡಿಸಿದಂಥವು. ಯಾವ ಭಾಗ ಏನನ್ನು ಅಳೆಯುತ್ತದೆ ಎಂದು ತಿಳಿದು ಜೋಡಿಸಿದವರಿಗೆ ಆಕಾಶದ ಲೆಕ್ಕ ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತದೆ. ಆ ಲೆಕ್ಕ ಊರಿನಿಂದ ಊರಿಗೆ ಬದಲಾಗುವಂಥದ್ದು. ಆದಕಾರಣ ಈ ಲೇಖನದಲ್ಲಿ ಆಟದ ಇತಿಹಾಸದೊಡನೆ ಬೆಳಗಾವಿ ಜಿಲ್ಲೆಯ ಘಟಪ್ರಭಾ ತೀರದ ಹಿಡಕಲ್, ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯನ್ನೂ, ಒಟ್ಟು ಕನ್ನಡ ನಾಡಿನ ಖಗೋಳ ಯಂತ್ರಗಳನ್ನೂ ಪರಿಶೀಲಿಸಲಾಗಿದೆ.

ಅಚ್ಚು, ಹಲಗೆ, ಗರಗಸ

ಚಿತ್ರಜೋಡಣೆ ಆಟದ ಮೊದಲ ವ್ಯಾಪಾರಿ ಎಂದು ಸಾಮಾನ್ಯವಾಗಿ ಹೆಸರಿಸುವುದು ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿಯನ್ನು (1739–1769). ಆತ ತಾಮ್ರದ ತಗಡಿನಲ್ಲಿ ನಕ್ಷೆ ಕೊರೆಯುವ ಕಸುಬುಗಾರ. 1760ರ ದಶಕದಲ್ಲಿ ಅಚ್ಚಾದ ಭೂಪಟಗಳನ್ನು ತೆಳುವಾದ ಮಹಾಗನಿ ಹಲಗೆಗೆ ಅಂಟಿಸಿ, ದೇಶಗಳ ಗಡಿಯನ್ನೇ ಹಿಡಿದು ಸಣ್ಣ ಗರಗಸದಿಂದ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸುವ ಸಾಧನವೆಂದು ಮಾರಿದ. ಬ್ರಿಟನ್ನಿನ ಮೂರನೆಯ ಜಾರ್ಜ್ ದೊರೆಯ ಮಕ್ಕಳ ಪಾಲಕಿಯಾಗಿದ್ದ ಲೇಡಿ ಷಾರ್ಲಟ್ ಫಿಂಚ್ ಇಂಥ ಕತ್ತರಿಸಿದ ನಕ್ಷೆಗಳನ್ನು ಇಟ್ಟುಕೊಂಡೇ ಅರಮನೆಯಲ್ಲಿ ಪಾಠ ಹೇಳುತ್ತಿದ್ದಳು. ಆಗಿನ ತುಂಡುಗಳಿಗೆ ಇಂದಿನಂತೆ ಒಂದಕ್ಕೊಂದು ಕಚ್ಚಿಕೊಳ್ಳುವ ಕಿವಿಗಳು ಎಲ್ಲೆಡೆ ಇರಲಿಲ್ಲ. ಮೈ ತಗುಲಿದರೆ ಇಡೀ ಯುರೋಪು ಚದುರಿಹೋಗುತ್ತಿತ್ತು. ಜಿಗ್‌ಸಾ ಎಂಬ ಗರಗಸ ಬಳಕೆಗೆ ಬಂದು ಆಟಕ್ಕೆ ಅದರ ಹೆಸರೇ ನಿಂತದ್ದು ಬಹಳ ತಡವಾಗಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಕಾರ್ಖಾನೆಗಳು ರಟ್ಟಿನ ಮೇಲೆ ಉಕ್ಕಿನ ಅಚ್ಚೊತ್ತಿ ಒಂದೇ ಏಟಿಗೆ ಇಡೀ ಚಿತ್ರವನ್ನು ಕತ್ತರಿಸಿದವು. ಅಲ್ಲಿಂದ ಆಟ ಬಡವರ ಮನೆಗೂ ಇಳಿಯಿತು. ಈಗ ಪೆಟ್ಟಿಗೆಯ ಮೇಲೆ ಸಾವಿರ ತುಂಡು ಎಂದು ಬರೆದಿದ್ದರೂ ಅನೇಕ ವೇಳೆ ಒಳಗೆ 1026 ಇರುತ್ತವೆ. ಉದ್ದಕ್ಕೆ 38, ಅಗಲಕ್ಕೆ 27 ಇಟ್ಟರೆ ತುಂಡುಗಳು ಹೆಚ್ಚುಕಡಿಮೆ ಚೌಕವಾಗಿ ಬರುತ್ತವೆ ಎಂಬುದೇ ಕಾರಣ.

ಸ್ಪಿಲ್ಸ್‌ಬರಿಗಿಂತ ಎರಡು ಶತಮಾನ ಹಿಂದೆಯೇ ಇದೇ ಕೈಕೆಲಸ ಖಗೋಳ ಯಂತ್ರಗಳಲ್ಲಿ ನಡೆದಿತ್ತು. ಚಿತ್ರಜೋಡಣೆಯ ಇತಿಹಾಸಗಳು ಇದನ್ನು ಅಷ್ಟಾಗಿ ಹೇಳುವುದಿಲ್ಲ. ಜರ್ಮನಿಯ ನ್ಯೂರೆಂಬರ್ಗಿನ ಗೇಯಾರ್ಗ್ ಹಾರ್ಟ್‌ಮನ್ (1489–1564) ಹಿತ್ತಾಳೆಯ ಆಸ್ಟ್ರೊಲೇಬ್ ಮಾಡುವುದರಲ್ಲಿ ಹೆಸರಾದವನು. ಹಿತ್ತಾಳೆಯದನ್ನು ಕೊಳ್ಳಲಾರದವರಿಗೆಂದು ಅದರ ಎಲ್ಲ ಭಾಗಗಳನ್ನೂ ಆತ ಕಾಗದದ ಮೇಲೆ ಅಚ್ಚು ಹಾಕಿದ. ಕೊಂಡವರು ಅವನ್ನು ಕತ್ತರಿಸಿ, ಹಲಗೆಗೋ ರಟ್ಟಿಗೋ ಅಂಟಿಸಿ, ನಡುವೆ ಮೊಳೆ ತೂರಿಸಿ ತಾವೇ ಯಂತ್ರ ಕಟ್ಟಿಕೊಳ್ಳಬೇಕು. ಇಂಗೋಲ್‌ಸ್ಟಾಟಿನ ಪೀಟರ್ ಆಪಿಯನ್ 1540ರಲ್ಲಿ ಅಚ್ಚು ಹಾಕಿದ ‘ಆಸ್ಟ್ರೊನಾಮಿಕಮ್ ಕೈಸೇರಿಯಮ್’ ಗ್ರಂಥದಲ್ಲಿ ಪುಟದ ಮೇಲೆಯೇ ತಿರುಗುವ ಕಾಗದದ ಬಿಲ್ಲೆಗಳಿವೆ. ಅವುಗಳನ್ನು ತಿರುಗಿಸಿ ಗ್ರಹಗಳ ಸ್ಥಾನ ಕಂಡುಕೊಳ್ಳಬಹುದು. ಚಕ್ರವರ್ತಿ ಐದನೆಯ ಚಾರ್ಲ್ಸನಿಗೆ ಅರ್ಪಿಸಿದ ಆ ಪುಸ್ತಕ ಮುದ್ರಣಕಲೆಯ ಅತಿ ಸುಂದರ ಕೃತಿಗಳಲ್ಲಿ ಒಂದು. ಅಚ್ಚು ಹಾಕುವುದು, ಅಂಟಿಸುವುದು, ಕತ್ತರಿಸುವುದು, ಜೋಡಿಸುವುದು ಈ ನಾಲ್ಕೂ ಕಾಗದದ ಯಂತ್ರಕ್ಕೂ ಕತ್ತರಿಸಿದ ನಕ್ಷೆಯ ಆಟಕ್ಕೂ ಸಮಾನ.

ಚಿತ್ರಗಳ ಮೂಲ

ಮಾರುಕಟ್ಟೆಯ ಚಿತ್ರಜೋಡಣೆಗಳಿಗೆ ಮೂಲವಾದ ಕೃತಿಗಳು ಕೆಲವೇ. ಚಿತ್ರಕಾರ ಡ್ಯೂರರ್ 1515ರಲ್ಲಿ ಮರದಚ್ಚಿನಿಂದ ತೆಗೆದ ಉತ್ತರ, ದಕ್ಷಿಣ ಆಕಾಶಪಟಗಳು ಯುರೋಪಿನಲ್ಲಿ ಅಚ್ಚಾದ ಮೊದಲ ನಕ್ಷತ್ರಪಟಗಳು. ಚಿತ್ರಕಾರ ಹಾಲ್ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’ ಎಂಬ ವರ್ಣಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರಲ್ಲಿ ಇಬ್ಬರು ಗಣ್ಯರ ನಡುವಿನ ಮೇಜಿನ ಮೇಲೆ ಆಕಾಶಗೋಲ, ಕಾಲುವೃತ್ತ, ಬಹುಮುಖದ ನೆರಳು ಗಡಿಯಾರಗಳನ್ನು ಹರಡಲಾಗಿದೆ. ಡೆನ್ಮಾರ್ಕಿನ ಟೈಕೊ ಬ್ರಾಹೆ 1598ರಲ್ಲಿ ಹೊರತಂದ ಪುಸ್ತಕ ಅವನ ವೇಧಶಾಲೆಯ ಒಂದೊಂದು ಯಂತ್ರವನ್ನೂ ಚಿತ್ರಸಮೇತ ವಿವರಿಸುತ್ತದೆ. ಹ್ವೇನ್ ದ್ವೀಪದ ಆ ಊರಾನಿಬೋರ್ಗ್ ವೇಧಶಾಲೆಯಲ್ಲಿ ಗೋಡೆಗೆ ಕೂರಿಸಿದ ಹಿತ್ತಾಳೆಯ ಕಾಲುವೃತ್ತ, ಅದರ ಬಿಲ್ಲಿನೊಳಗೆ ಕೈನೀಡಿ ಕುಳಿತ ಟೈಕೊ, ಅವನ ಕಾಲಬಳಿ ಮಲಗಿದ ನಾಯಿ ಇರುವ ಚಿತ್ರ ಬಹುಶಃ ಖಗೋಳಶಾಸ್ತ್ರದಲ್ಲೇ ಅತ್ಯಂತ ಹೆಸರಾದದ್ದು. ಇಷ್ಟೆಲ್ಲ ಯಂತ್ರಗಳಲ್ಲಿ ಒಂದರಲ್ಲೂ ದುರ್ಬೀನಿನ ಮಸೂರವಿಲ್ಲ. ಗೆಲಿಲಿಯೋ ದುರ್ಬೀನನ್ನು ಆಕಾಶಕ್ಕೆ ತಿರುಗಿಸಿದ್ದು 1609ರಲ್ಲಿ. ಅದಕ್ಕೆ ಮುಂಚಿನ ಲೆಕ್ಕವೆಲ್ಲ ಬರಿಗಣ್ಣು ಮತ್ತು ಗೀಟು ಹಾಕಿದ ಲೋಹದ ಅಂಚನ್ನೇ ನಂಬಿತ್ತು.

ಪೆಟ್ಟಿಗೆಗಳ ಮೇಲೆ ಬಹಳ ಸಲ ಕಾಣುವ ಇನ್ನೊಂದು ಚಿತ್ರಮಾಲೆ ಆಂಡ್ರಿಯಾಸ್ ಸೆಲ್ಲೇರಿಯಸನ ‘ಹಾರ್ಮೋನಿಯಾ ಮ್ಯಾಕ್ರೊಕಾಸ್ಮಿಕಾ’. ಅದು ಆಮ್ಸ್ಟರ್‌ಡ್ಯಾಮಿನಲ್ಲಿ 1660ರಲ್ಲಿ ಬಂದದ್ದು. ಅಷ್ಟು ಹೊತ್ತಿಗೆ ಪುನರುಜ್ಜೀವನ ಕಾಲ ಮುಗಿದು ದುರ್ಬೀನಿಗೆ ಅರ್ಧ ಶತಮಾನವಾಗಿತ್ತು. ಟಾಲೆಮಿ, ಕೋಪರ್ನಿಕಸ್, ಟೈಕೊ ಮೂವರ ವಿಶ್ವಗಳನ್ನೂ ಬಣ್ಣಬಣ್ಣವಾಗಿ ಬಿಡಿಸಿದ ಆ ಪುಟಗಳು ಬಹಳ ಚೆಲುವಾದವು. ಹಾಗಿದ್ದರೂ ಅವನ್ನು ಪುನರುಜ್ಜೀವನ ಕಾಲದವೆಂದು ಕರೆಯುವುದು ಕಲಿಯುವವರಿಗೆ ಅಡ್ಡಿ. ನಾಲ್ಕಾರು ಪುಸ್ತಕಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿ, ಚರ್ಮದ ಹಾಳೆಯ ಬಣ್ಣ ಬಳಿದ ಚಿತ್ರಗಳೂ ಬರುತ್ತವೆ. ಅಂಥವುಗಳಲ್ಲಿ ಅಂಕಿಗಳು ಹಿಂದುಮುಂದಾಗಿರಬಹುದು, ರಾಶಿಗಳ ಕ್ರಮ ಕೆಟ್ಟಿರಬಹುದು. ಮಕ್ಕಳಿಗೆ ಕೊಳ್ಳುವಾಗ ಮೂಲಕೃತಿಯ ಹೆಸರು, ವರ್ಷ ನಮೂದಾದ ಚಿತ್ರವನ್ನೇ ಆರಿಸುವುದು ಲೇಸು.

ಜೋಡಿಸುವ ಬಗೆ

ಈ ಚಿತ್ರಗಳು ಕಷ್ಟದವು ಎಂಬ ಮಾತಿದೆ. ಕಾರಣ ಬಣ್ಣ. ಹೂದೋಟವಾದರೆ ಕೆಂಪನ್ನು ಒಂದೆಡೆ, ಹಸಿರನ್ನು ಒಂದೆಡೆ ಗುಡ್ಡೆ ಹಾಕಬಹುದು. ಇಲ್ಲಿ ಎಲ್ಲವೂ ಹಿತ್ತಾಳೆಯ ಹಳದಿ, ಕಾಗದದ ಕಂದು. ಬಣ್ಣದಿಂದ ಹೊರಟವರು ಬಹುಬೇಗ ದಾರಿ ತಪ್ಪುತ್ತಾರೆ. ಯಂತ್ರದ ನಿಯಮದಿಂದ ಹೊರಟವರಿಗೆ ಮಾತ್ರ ಪ್ರತಿ ತುಂಡೂ ತನ್ನ ಜಾಗ ಹೇಳುತ್ತದೆ.

ಆಸ್ಟ್ರೊಲೇಬನ್ನೇ ತೆಗೆದುಕೊಳ್ಳೋಣ. ಅದರ ಹೊರಗಿನ ದಪ್ಪ ಬಳೆಯ ಮೇಲೆ 360 ಡಿಗ್ರಿಗಳ ಗೀಟು, ಅದರ ಜೊತೆಗೆ ಅನೇಕವುಗಳಲ್ಲಿ 24 ಗಂಟೆಗಳ ಅಂಕಿ. ಅಂಕಿಗಳು ಏರುವ ಕ್ರಮ ಹಿಡಿದರೆ ಈ ಬಳೆಯ ತುಂಡುಗಳನ್ನು ಮೊದಲೇ ಸಾಲಾಗಿ ಇಡಬಹುದು. ಬಳೆಯ ಒಳಗಿನ ಗುಳಿಯಲ್ಲಿ ಕೂರುವ ತಟ್ಟೆಗೆ ಸಂಸ್ಕೃತ ಗ್ರಂಥಗಳು ಅಕ್ಷಪತ್ರ ಎನ್ನುತ್ತವೆ. ಅದರ ಮೇಲೆ ದಿಗಂತದ ರೇಖೆಯೂ ದಿಗಂತದಿಂದ ನೆತ್ತಿಯವರೆಗಿನ ಎತ್ತರದ ವೃತ್ತಗಳೂ ಇರುತ್ತವೆ. ಈ ವೃತ್ತಗಳಿಗೆ ಒಂದೇ ಕೇಂದ್ರವಿಲ್ಲ. ನೆತ್ತಿಯ ಬಳಿ ಚಿಕ್ಕವಾಗಿ, ದಿಗಂತದ ಕಡೆಗೆ ದೊಡ್ಡವಾಗುತ್ತ ಒಂದರೊಳಗೊಂದು ಜರುಗಿ ಕೂತಿರುತ್ತವೆ. ತುಂಡಿನ ಮೇಲಿನ ಗೀಟು ಎಷ್ಟು ಬಾಗಿದೆ ಎಂದು ನೋಡಿದರೆ ಅದು ನೆತ್ತಿಯ ಹತ್ತಿರದ್ದೋ ದಿಗಂತದ್ದೋ ತಿಳಿಯುತ್ತದೆ. ಎಲ್ಲಕ್ಕೂ ಮೇಲೆ, ಜಾಲರಿಯಂತೆ ಕೊರೆದ ಭಪತ್ರ. ಅದರ ಕೊಕ್ಕಿನಂಥ ಒಂದೊಂದು ಮೊನೆಯೂ ಒಂದು ನಕ್ಷತ್ರದ ತಾಣ. ಅದರಲ್ಲಿ ರಾಶಿಚಕ್ರದ ಬಳೆ ನಡುವಿನ ಮೊಳೆಗೆ ಸರಿಯಾಗಿ ಕೂರದೆ ಒಂದು ಬದಿಗೆ ಸರಿದಿರುತ್ತದೆ. ಹೊಸಬರು ಇಲ್ಲಿಯೇ ಎಡವುವುದು. ಸೂರ್ಯನ ದಾರಿ ವಿಷುವದ್ವೃತ್ತಕ್ಕೆ ಸುಮಾರು ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿದೆ. ಆ ಓರೆಯನ್ನು ಚಪ್ಪಟೆ ತಟ್ಟೆಗೆ ಇಳಿಸಿದಾಗ ಹೀಗೆ ಸರಿದು ಕಾಣುತ್ತದೆ. ತುಂಡು ಸೇರದೆ ಒದ್ದಾಡಿದ ಹುಡುಗಿಗೆ ಈ ಕಾರಣ ಹೊಳೆದರೆ ಉತ್ತರಾಯಣ, ದಕ್ಷಿಣಾಯನಗಳ ಪಾಠವನ್ನು ಬೇರೆ ಹೇಳಬೇಕಿಲ್ಲ.

ವಲಯಗೋಲದ ಚಿತ್ರವಾದರೆ ಮೊದಲು ಅಗಲವಾದ ಓರೆ ಪಟ್ಟಿಯನ್ನು ಹುಡುಕಬೇಕು. ಅದು ರಾಶಿಚಕ್ರ. ಅದು ವಿಷುವದ್ವೃತ್ತವನ್ನು ಮೇಷದ ಮೊದಲಿಗೆ ಒಮ್ಮೆ, ತುಲೆಯ ಮೊದಲಿಗೆ ಒಮ್ಮೆ, ಹೀಗೆ ಎರಡೇ ಕಡೆ ಕತ್ತರಿಸುತ್ತದೆ. ಆ ಎರಡು ಕೂಡುಗಳು ಸಿಕ್ಕರೆ ಕರ್ಕ, ಮಕರ ವೃತ್ತಗಳು ತಾವಾಗಿ ಮೇಲೆ ಕೆಳಗೆ ಕೂರುತ್ತವೆ.

ಕನ್ನಡ ನಾಡಿನಲ್ಲಿ

ಯುರೋಪಿನ ಈ ಯಂತ್ರಗಳಿಗೆ ಸಮಕಾಲೀನವಾದ, ಅವುಗಳಿಗಿಂತ ಹಳೆಯದೂ ಆದ ಪರಂಪರೆ ಇಲ್ಲಿಯೇ ಇದೆ. 1114ರಲ್ಲಿ ಹುಟ್ಟಿದ ಗಣಿತಜ್ಞ ಭಾಸ್ಕರಾಚಾರ್ಯ ತನ್ನ ಊರು ಸಹ್ಯಾದ್ರಿಯ ಮಗ್ಗುಲಿನ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರವೆಂಬ ವಾದವೂ, ಮಹಾರಾಷ್ಟ್ರದ್ದೆಂಬ ವಾದವೂ ಇವೆ. ಅವನ ಮೊಮ್ಮಗ ಚಾಂಗದೇವನ ಶಾಸನ ದೊರೆತದ್ದು ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ. ಭಾಸ್ಕರನ 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಯಂತ್ರಗಳಿಗೆಂದೇ ಒಂದು ಅಧ್ಯಾಯವಿದೆ. ಗೋಲ, ಶಂಕು, ಘಟಿ, ಚಕ್ರ, ಚಾಪ, ತುರೀಯ, ಯಷ್ಟಿ ಮೊದಲಾದವನ್ನು ಹೇಳಿ, ತಾನೇ ಕಲ್ಪಿಸಿದ ಫಲಕಯಂತ್ರವನ್ನು ವಿವರಿಸುತ್ತಾನೆ. ಅದು ಅಡ್ಡಗೀಟುಗಳನ್ನೂ ವೃತ್ತವನ್ನೂ ಬರೆದು, ನಡುವೆ ಮೊಳೆ ಮತ್ತು ಪಟ್ಟಿ ಕೂರಿಸಿದ ಆಯತಾಕಾರದ ಹಲಗೆ. ಸೂರ್ಯನ ಎತ್ತರದಿಂದ ಹೊತ್ತನ್ನು ಅದರಲ್ಲಿ ಓದಿಕೊಳ್ಳಬಹುದು. ಎಲ್ಲಕ್ಕಿಂತ ಮಿಗಿಲು ಬುದ್ಧಿಯೆಂಬ ಯಂತ್ರವೇ ಎಂದು ಅವನ ತೀರ್ಮಾನ. ಕೋಲೊಂದನ್ನು ಹಿಡಿದು ಬುದ್ಧಿಯಿಂದ ಏನೆಲ್ಲ ಅಳೆಯಬಹುದು ಎಂಬುದನ್ನೂ ತೋರಿಸುತ್ತಾನೆ. ಆಸ್ಟ್ರೊಲೇಬಿನ ಬಗ್ಗೆ ಸಂಸ್ಕೃತದಲ್ಲಿ ಮೊದಲ ಗ್ರಂಥ ಬಂದದ್ದು 1370ರಲ್ಲಿ. ಫಿರೋಜ್ ಷಾ ತುಘಲಕನ ಆಶ್ರಯದಲ್ಲಿದ್ದ ಜೈನಮುನಿ ಮಹೇಂದ್ರಸೂರಿ ಅದಕ್ಕೆ ‘ಯಂತ್ರರಾಜ’ ಎಂದೇ ಹೆಸರಿಟ್ಟ.

ಜನಬಳಕೆಯ ಯಂತ್ರ ಮಾತ್ರ ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ತುಂಬಿ ಮುಳುಗಲು 24 ನಿಮಿಷ. ಅದು ಒಂದು ಗಳಿಗೆ. ಅರವತ್ತು ಸಲ ಮುಳುಗಿದರೆ ಒಂದು ದಿನ. ಮದುವೆಯ ಮುಹೂರ್ತಕ್ಕೆ ಜೋಯಿಸರು ಈ ಬಟ್ಟಲನ್ನು ನೋಡಿಯೇ ಅಕ್ಷತೆ ಹಾಕಿಸುತ್ತಿದ್ದ ಕಾಲವಿತ್ತು. ಕಲ್ಲಿನ ಸಾಕ್ಷಿಗಳೂ ಉಂಟು. ಶೃಂಗೇರಿಯ ವಿದ್ಯಾಶಂಕರ ದೇಗುಲದ ಹನ್ನೆರಡು ಕಂಬಗಳಲ್ಲಿ ಹನ್ನೆರಡು ರಾಶಿಗಳ ಕೆತ್ತನೆ ಇದೆ. ಬೆಂಗಳೂರಿನ ಗವಿ ಗಂಗಾಧರೇಶ್ವರ ದೇಗುಲದ ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ದೊಡ್ಡ ಕಲ್ಲಿನ ಬಿಲ್ಲೆಗಳಿವೆ. ಮಕರ ಸಂಕ್ರಾಂತಿಯ ಸಂಜೆ ಅಲ್ಲಿಯ ನಂದಿಯ ಕೊಂಬುಗಳ ನಡುವೆ ಹಾಯ್ದ ಬಿಸಿಲು ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ.

ಪುನರುಜ್ಜೀವನ ಕಾಲದ ಚಿತ್ರಪುಸ್ತಕಗಳ ಪಕ್ಕದಲ್ಲಿ ಸಂಕೋಚವಿಲ್ಲದೆ ಇಡಬಹುದಾದ ಕೃತಿ ವಿಜಯಪುರದ ‘ನುಜೂಮ್ ಅಲ್ ಉಲೂಮ್’. ಒಂದನೆಯ ಅಲಿ ಆದಿಲ್‌ಶಾಹನ (ಆಳ್ವಿಕೆ 1558–1580) ಕಾಲದಲ್ಲಿ, 1570ರಲ್ಲಿ ಸಿದ್ಧವಾದ ಈ ಪಾರಸಿ ಹಸ್ತಪ್ರತಿ ಈಗ ಐರ್ಲೆಂಡಿನ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಸುಲ್ತಾನನೇ ಇದನ್ನು ರಚಿಸಿದನೆಂದು ಕೆಲವು ವಿದ್ವಾಂಸರ ಮತ. ಗ್ರಹಗಳು, ರಾಶಿಗಳು, ರಾಶಿಯ ಒಂದೊಂದು ಅಂಶದ ಅಧಿದೇವತೆಗಳು, ಏಳು ಅಂತಸ್ತಿನ ಸಿಂಹಾಸನ, ಆಯುಧಗಳು, ಆನೆ ಕುದುರೆಗಳು ಹೀಗೆ ನೂರಾರು ಕಿರುಚಿತ್ರಗಳು ಅದರಲ್ಲಿವೆ. ಪಾರಸಿ, ಅರಬ್ಬಿ ಜ್ಯೋತಿಷದ ಜೊತೆಗೆ ಸಂಸ್ಕೃತ ಪರಂಪರೆಯ ವಿಚಾರಗಳೂ ಬೆರೆತಿವೆ. ಟೈಕೊ ಬ್ರಾಹೆ ಹ್ವೇನ್ ದ್ವೀಪದಲ್ಲಿ ವೇಧಶಾಲೆ ಕಟ್ಟಲು ಆರಂಭಿಸಿದ್ದು ಈ ಪುಸ್ತಕ ಮುಗಿದ ಆರು ವರ್ಷಕ್ಕೆ. ಆಗ ಹುಕ್ಕೇರಿಯೂ ಆದಿಲ್‌ಶಾಹಿಗೆ ಸೇರಿತ್ತು. ಊರಲ್ಲಿ ನಿಂತಿರುವ ಗುಮ್ಮಟಗಳು ಆ ಕಾಲದವೇ. ಡ್ಯೂರರನ ಆಕಾಶ ಚಿತ್ರಜೋಡಣೆಯಾಗಿ ಜಗತ್ತಿನ ಮೇಜುಗಳ ಮೇಲೆ ಹರಡಿಕೊಂಡಿದೆ. ವಿಜಯಪುರದ ಆಕಾಶಕ್ಕೂ ಅದೇ ಜಾಗ ಸಿಗಬೇಕು.

ಜೋಡಣೆಯ ಆಟದಲ್ಲಂತೂ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಸಮಾನರು ವಿರಳ. ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಂದೇ ಸಲ ಮುಟ್ಟಿ ಹಲಗೆ ತುಂಬುವ ನಡೆಗಳನ್ನು ಅವರು ಹಲವು ಬಗೆಯಲ್ಲಿ ಬಿಡಿಸಿದರು. ಮನೆಮನೆಯಲ್ಲಿ ಬಿಡಿಯಾಗಿರುವ ಅಕ್ಷರಗಳನ್ನು ಕುದುರೆಯ ಹಾದಿಯಲ್ಲಿ ಓದಿದರೆ ಶ್ಲೋಕವಾಗುವ ರಚನೆಗಳನ್ನೂ ಮಾಡಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದು ಗ್ರಹನಿಧಿ, ಇನ್ನೊಂದು ಆಟಗಳ ಕೌತುಕನಿಧಿ. ಅವರು ರೂಪಿಸಿದ ಗಂಜೀಫಾ ಎಲೆಯಾಟಗಳಲ್ಲಿ ನವಗ್ರಹಗಳ ಹೆಸರಿನದೂ ಒಂದಿದೆ. ಆಕಾಶವನ್ನು ಬಣ್ಣದ ಎಲೆಗಳಾಗಿ ಬಿಡಿಸಿ ಕೈಯಲ್ಲಿ ಹಿಡಿದು ಆಡಿದ್ದು ಹೀಗೆ.

ಜಮಖಂಡಿಯ ಗ್ರಹಣ

ಹಿಡಕಲ್ ಸೀಮೆಗೆ ಹತ್ತಿರದಲ್ಲೇ ಜಗತ್ತಿನ ಖಗೋಳ ಚರಿತ್ರೆಯ ಒಂದು ದಿನ ನಡೆದುಹೋಗಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ಪಶ್ಚಿಮ ಕರಾವಳಿಯಿಂದ ಈ ಭಾಗದ ಮೇಲೆ ಹಾಯ್ದು ವಿಜಯಪುರ, ಗುಂಟೂರು, ಮಚಲೀಪಟ್ಟಣದತ್ತ ಸಾಗಿತು. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಅಧಿಕಾರಿ; ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ರಾಯಲ್ ಸೊಸೈಟಿಯ ದುರ್ಬೀನು, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕಗಳೊಂದಿಗೆ ಅವನು ಬೀಡುಬಿಟ್ಟದ್ದು ಜಮಖಂಡಿಯಲ್ಲಿ. ಮಳೆಗಾಲದ ಮೋಡ ಕಾಡಿತು. ಆದರೂ ಮೋಡ ಸರಿದ ಅಲ್ಪ ಹೊತ್ತಿನಲ್ಲಿ ಸೂರ್ಯನ ಅಂಚಿನ ಕೆಂಜ್ವಾಲೆಯ ಬೆಳಕಿನಲ್ಲಿ ಬೇರೆ ಬೇರೆಯಾದ ಹೊಳೆಯುವ ಗೀಟುಗಳನ್ನು ಕಂಡ. ಅಲ್ಲಿಗೆ ಕೆಂಜ್ವಾಲೆ ಕಾದು ಹೊಳೆಯುವ ಅನಿಲವೆಂದು ಖಚಿತವಾಯಿತು. ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅದೇ ನೋಟ ಕಂಡರು. ಆ ಗೀಟುಗಳಲ್ಲಿ ಹಳದಿಯದು ಭೂಮಿಯ ಮೇಲೆ ಅದುವರೆಗೆ ಗೊತ್ತಿಲ್ಲದ ಧಾತುವಿನದೆಂದು ಆಮೇಲೆ ತಿಳಿದು, ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ.

ಹದಿನಾರು ಡಿಗ್ರಿಯ ತಟ್ಟೆ

ಆಸ್ಟ್ರೊಲೇಬಿನ ನಕ್ಷತ್ರಜಾಲ ಎಲ್ಲ ಊರಿಗೂ ಸಲ್ಲುತ್ತದೆ. ಅದರ ಕೆಳಗಿನ ಅಕ್ಷಪತ್ರ ಮಾತ್ರ ಯಾವ ಅಕ್ಷಾಂಶಕ್ಕೆ ಕೊರೆದದ್ದೋ ಆ ಅಕ್ಷಾಂಶಕ್ಕೇ ಸೈ. ಲಾಹೋರಿನ ಹೆಸರಾಂತ ಕುಶಲಕರ್ಮಿ ಮನೆತನದವರು 16, 17ನೆಯ ಶತಮಾನಗಳಲ್ಲಿ ಮಾಡಿದ ಯಂತ್ರಗಳಲ್ಲಿ ಹಲವು ಅಕ್ಷಾಂಶಗಳ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಿದ್ದು ಇದೇ ಕಾರಣಕ್ಕೆ. ಚಿತ್ರಜೋಡಣೆಯಲ್ಲಿ ಬರುವ ಯುರೋಪಿನ ಯಂತ್ರಗಳು 50 ಡಿಗ್ರಿಯ ಆಸುಪಾಸಿನ ಊರುಗಳವು. ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. ಆದ್ದರಿಂದ ಆ ತಟ್ಟೆಗಳ ಮೇಲೆ ನೆತ್ತಿಯ ಚುಕ್ಕೆ ಕರ್ಕವೃತ್ತದ ಒಳಗೆ, ನಡುಮೊಳೆಯಲ್ಲಿರುವ ಧ್ರುವದ ಕಡೆಗೆ ಸರಿದಿರುತ್ತದೆ.

ಹುಕ್ಕೇರಿ ತಾಲೂಕಿನ ಹಿಡಕಲ್ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಒಡ್ಡಿನ ಮೇಲೆ ನಿಂತು ಉತ್ತರಕ್ಕೆ ನೋಡಿದರೆ ಧ್ರುವನಕ್ಷತ್ರ ದಿಗಂತದಿಂದ ಸುಮಾರು 16 ಡಿಗ್ರಿ ಮಾತ್ರ ಮೇಲಿರುತ್ತದೆ. ಚಾಚಿದ ಕೈಯ ಮುಷ್ಟಿಯೊಂದಕ್ಕೆ ಸುಮಾರು 10 ಡಿಗ್ರಿ ಲೆಕ್ಕ. ಒಂದೂವರೆ ಮುಷ್ಟಿಯ ಎತ್ತರ. ವರ್ಷಕ್ಕೆ ಎರಡು ಸಲ, ಮೇ 5 ಮತ್ತು ಆಗಸ್ಟ್ 8ರ ಆಸುಪಾಸಿನಲ್ಲಿ, ನಡುಹಗಲಿಗೆ ಸೂರ್ಯ ನೇರ ನೆತ್ತಿಗೆ ಬಂದು ನೆಟ್ಟ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಎರಡನೆಯದು ಮಳೆಗಾಲದಲ್ಲಿ ಬೀಳುವುದರಿಂದ ಮೇ ತಿಂಗಳಿನದೇ ನೋಡಲು ತಕ್ಕದ್ದು. ಈ ಸೀಮೆಗೆ ಅಕ್ಷಪತ್ರ ಬರೆದರೆ ನೆತ್ತಿಯ ಚುಕ್ಕೆ ಕರ್ಕವೃತ್ತದ ಹೊರಗೆ, ವಿಷುವದ್ವೃತ್ತ ಮತ್ತು ಕರ್ಕವೃತ್ತಗಳ ನಡುವೆ ಬೀಳಬೇಕು. ದಿಗಂತದ ಕಮಾನು ನಡುಮೊಳೆಯ ತೀರ ಹತ್ತಿರ ಹಾಯಬೇಕು. ನ್ಯೂರೆಂಬರ್ಗಿನ ತಟ್ಟೆಯ ಚಿತ್ರಕ್ಕಿಂತ ಅದು ನೋಡಿದೊಡನೆಯೇ ಬೇರೆ. ಇದನ್ನು ಬರೆಯಲು ಕೈವಾರ, ಅಳತೆಪಟ್ಟಿ, ಪ್ರೌಢಶಾಲೆಯ ತ್ರಿಕೋನಮಿತಿ ಇಷ್ಟೇ ಸಾಕು.

ಕೆತ್ತುವ ಕೈಗಳೂ ಹತ್ತಿರದಲ್ಲೇ ಇವೆ. ಗೋಕಾಕ ಕರದಂಟಿಗೆ ಹೆಸರಾದಂತೆ ಹಗುರ ಮರದ ಬಣ್ಣದ ಆಟಿಕೆಗಳಿಗೂ ಹೆಸರಾದ ಊರು. ಅಲ್ಲಿಯ ಕುಶಲಕರ್ಮಿಗಳು ಮಾಡಿದ ಹಣ್ಣು, ತರಕಾರಿ, ಪಕ್ಷಿಗಳು ನಿಜವೆಂದೇ ಕೈಗೆತ್ತಿಕೊಳ್ಳುವಂತಿರುತ್ತವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೊಂಬೆಯ ಅಂಗಗಳನ್ನು ಬಿಡಿಬಿಡಿಯಾಗಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಮೇಲೆ ಬಣ್ಣ ಹಚ್ಚುತ್ತಾರೆ. ಚನ್ನಪಟ್ಟಣದವರು ಹಾಲೆ ಮರಕ್ಕೆ ಅರಗು ಹಿಡಿಸುತ್ತಾರೆ. ಈ ಕಸುಬುಗಳಿಗೆ ಹೊಸ ಮಾದರಿ ಬೇಕೆಂದು ಎಲ್ಲರೂ ಹೇಳುತ್ತಾರೆ. ಗೋಕಾಕದ ಆಟಿಕೆ ಮಾಡುವವರೂ ಬೆಳಗಾವಿ ಜಿಲ್ಲೆಯ ಗಣಿತ, ವಿಜ್ಞಾನ ಶಿಕ್ಷಕರೂ ಕೂಡಿ ಹದಿನಾರು ಡಿಗ್ರಿಯ ಆಸ್ಟ್ರೊಲೇಬ್ ಒಂದನ್ನು ಮರದ ಜೋಡಣೆಯಾಗಿ ಮಾಡಬೇಕು. ಅದರ ನಕ್ಷತ್ರಜಾಲದ ಮೊನೆಗಳ ಮೇಲೆ ರೋಹಿಣಿ, ಆರ್ದ್ರಾ, ಮಘಾ, ಚಿತ್ತಾ, ಸ್ವಾತಿ, ಶ್ರವಣ ಎಂದು ಕನ್ನಡದಲ್ಲಿ ಬರೆಸಬೇಕು. ಮೊದಲ ಪ್ರತಿಗಳು ಹಿಡಕಲ್, ಮೂಡಲಗಿ, ಹುಕ್ಕೇರಿಯ ಸರಕಾರಿ ಶಾಲೆಗಳಿಗೆ ಹೋಗಲಿ.